ಎರವಲು ರಕ್ತ

ನಮ್ಮ ತೋಟದ ಗೇಟಿನಲ್ಲಿ ಒಂದು ಬೋರ್ಡಿದೆ. ಹಸಿರು ಹಲಗೆ. ಅದರ ಮೇಲೆ ಬಸುರಿಯೊಬ್ಬಳ ಚಿತ್ರ. ಅವಳ ಕಾಲಿಗೆ ಕೆಸರಿಲ್ಲ, ಬೆನ್ನಿಗೆ ಟ್ಯಾಂಕಿಲ್ಲ, ಮುಖದ ತುಂಬ ನಗು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ: ‘ತಾಯಿಯನ್ನು ಕಾಪಾಡೋಣ, ಮಗುವನ್ನು ಕಾಪಾಡೋಣ. ಬಸುರಿಯರಿಗೆ ವಿಷ ಹೊಡೆಯುವ ಕೆಲಸವಿಲ್ಲ.’ ನಮ್ಮ ತಾಳೆ ಎಣ್ಣೆ ಕೊಳ್ಳುವ ಹೊರದೇಶದವರು ಜೀಪಿನಲ್ಲಿ ಬರುವ ಹಿಂದಿನ ದಿನ ಆ ಹಲಗೆಯನ್ನು ತೊಳೆಸುತ್ತಾರೆ. ತೊಳೆಯುವವಳು ನಾನೇ, ವಾಗಿನಿ.

ಬೋರ್ಡಿನ ಮಾತು ಸುಳ್ಳಲ್ಲ. ಬಸುರಿಗೆ ಕೆಲಸವಿಲ್ಲ. ಖಾಯಂ ಹೆಂಗಸಾದರೆ ನೆರಳಲ್ಲಿ ಕೂರಿಸಿ ಸಸಿ ಚೀಲಕ್ಕೆ ಮಣ್ಣು ತುಂಬಿಸುತ್ತಾರೆ. ದಿನಗೂಲಿಯವಳಾದರೆ ಮನೆಗೆ ಕಳಿಸುತ್ತಾರೆ. ಕಳೆಗೆ ವಿಷ ಹೊಡೆಯುವ ನಮ್ಮ ಗುಂಪಿನಲ್ಲಿ ಖಾಯಂ ಹೆಂಗಸು ಒಬ್ಬಳೂ ಇಲ್ಲ. ನನ್ನ ಅಜ್ಜಿಯನ್ನು ಜಾವಾದಿಂದ ಹಡಗಿನಲ್ಲಿ ತುಂಬಿಕೊಂಡು ಈ ಸುಮಾತ್ರಾಕ್ಕೆ ತಂದು ಇಳಿಸಿದರು. ಅವಳು ದಿನಗೂಲಿ, ಅವಳ ಮಗಳು ದಿನಗೂಲಿ, ನಾನು ದಿನಗೂಲಿ. ಖಾಯಂ ಆಗಿರುವುದು ನಮ್ಮ ಬೆನ್ನ ಮೇಲಿನ ಟ್ಯಾಂಕಿನ ಪಟ್ಟಿಯ ಗಾಯ ಮಾತ್ರ.

ಒಬ್ಬಳು ಬಸುರಿಯೋ ಅಲ್ಲವೋ ಎಂದು ಕಂಪನಿಗೆ ಹೇಗೆ ಗೊತ್ತಾಗಬೇಕು? ಪರೀಕ್ಷೆಯ ಕಡ್ಡಿಗೆ ದುಡ್ಡು ಬೇಕು. ನರ್ಸಿನ ಕಣ್ಣು ಪುಕ್ಕಟೆ. ಅದಕ್ಕೇ ತಿಂಗಳಿಗೊಮ್ಮೆ, ಮುಟ್ಟಾದಾಗ, ತೋಟದ ದವಾಖಾನೆಯ ಹಿಂದಿನ ಕೋಣೆಗೆ ಹೋಗಬೇಕು. ಪರದೆಯ ಹಿಂದೆ ಮುಟ್ಟಿನ ಬಟ್ಟೆ ತೆಗೆಯಬೇಕು. ತೆಗೆದದ್ದನ್ನು ನರ್ಸ್ ವಿನಾರ್ಸಿಯ ಮುಂದೆ ಹಿಡಿಯಬೇಕು. ಅವಳು ಮೂಗಿಗೆ ಕೈ ಅಡ್ಡ ಇಟ್ಟುಕೊಂಡು ನೋಡಿ, “ಹ್ಞೂಂ, ಆಯ್ತು, ನಡಿ” ಅನ್ನುತ್ತಾಳೆ. ಆಮೇಲೆ ಆ ತಿಂಗಳು ಕೆಲಸ ಉಂಟು. ತೋರಿಸದವಳ ಹೆಸರನ್ನು ಮೇಸ್ತ್ರಿ ಜುಮಾದಿ ಹಾಜರಿಯಲ್ಲಿ ಕೂಗುವುದಿಲ್ಲ.

ಈ ವಿನಾರ್ಸಿ ಎಲ್ಲಿಂದಲೋ ಇಳಿದು ಬಂದವಳಲ್ಲ. ನಮ್ಮವಳೇ. ಅವಳ ಅಮ್ಮ ನನ್ನ ಅಮ್ಮನ ಜೊತೆ ಇದೇ ಸಾಲುಗಳಲ್ಲಿ ವಿಷ ಹೊಡೆದು ಸತ್ತವಳು.

ಸುತಾರ್ಮಿ ಕೂಲಿಯವರ ಸಾಲಿನಲ್ಲಿ ನನ್ನ ಪಕ್ಕದ ಲೈನು ಮನೆಯವಳು. ಸಣ್ಣ ಜೀವ, ದೊಡ್ಡ ಬಾಯಿ. ಎರಡು ಸಲ ಬಸಿರು ನಿಂತು ಎರಡೂ ಇಳಿದು ಹೋಗಿದ್ದವು. ಮೊದಲನೆಯದು ತಾಳೆ ಸಾಲಿನ ನಡುವೆಯೇ ಹೋಯಿತು. ಅವತ್ತು ಅವಳು ಪೊದೆಯ ಹಿಂದೆ ಹೋಗಿ ಬಟ್ಟೆ ಬದಲಿಸಿ ಬಂದು ಮಿಕ್ಕ ಟ್ಯಾಂಕು ಖಾಲಿ ಮಾಡಿದಳು. ಎರಡನೆಯದಕ್ಕೆ ಅಷ್ಟೂ ಆಗಲಿಲ್ಲ, ನಿದ್ದೆಯಲ್ಲೇ ಹೋಯಿತು. ಯಾಕೆ ಹೋಯಿತು ಎಂದು ಒಬ್ಬರೂ ಹೇಳಲಿಲ್ಲ. ಅನಾನಸ್ ತಿಂದಳಂತೆ ಎಂದರು. ಮುಸ್ಸಂಜೆಯಲ್ಲಿ ಬಾಗಿಲಲ್ಲಿ ಕೂತಳಂತೆ ಎಂದರು. ತಲೆಗೊಂದು ಮಾತು, ಎಲ್ಲ ಮಾತೂ ಅವಳ ತಲೆಗೇ.

ಮೂರನೆಯದು ನಿಂತಾಗ ನನ್ನ ಹಿತ್ತಲಿಗೆ ಬಂದು ಮರಗೆಣಸಿನ ಸೊಪ್ಪು ಕೊಯ್ಯುವವಳ ಹಾಗೆ ಬಗ್ಗಿದಳು.

“ಅಕ್ಕಾ, ನಿಂತಿದೆ.”

“ಏನೇ ನಿಂತಿದ್ದು?”

“ಇನ್ನೇನು ನಿಲ್ಲತ್ತೆ, ಗಡಿಯಾರಾನಾ?”

ನಾನು ಅವಳ ಮುಖ ನೋಡಿದೆ. ನಗುತ್ತಿದ್ದಳು.

“ಹೇಳ್ಬಿಡೇ ಮೇಸ್ತ್ರಿಗೆ. ಈ ಸಲನಾದ್ರೂ ಮನೇಲಿ ಕೂರು.”

“ಮನೆ ಎಲ್ಲಿದೆ ಅಕ್ಕಾ ಕೂರಕ್ಕೆ? ನಾನು ಕೂತ ದಿನಾನೇ ಮನೆ ಹೋಗತ್ತೆ. ಹೆರೋದೆಲ್ಲಿ, ಮರದ ಬುಡದಲ್ಲಾ?”

ಅದು ನಿಜ. ಕಂಪನಿಯ ಲೈನು ಮನೆ ಬೇಕೆಂದರೆ ಮನೆಯಿಂದ ಎರಡು ಆಳು ತೋಟಕ್ಕೆ ಹೋಗಬೇಕು. ಗಂಡ ಲೆಗಿಮಾನ್ ಉದ್ದ ಗಳುವಿನ ಕುಡುಗೋಲಿನಲ್ಲಿ ತಾಳೆಗೊನೆ ಕೊಯ್ಯುತ್ತಾನೆ. ಅವನು ಒಂದು ಆಳು, ಇವಳು ಇನ್ನೊಂದು. ಮುದುಕಿ ಅತ್ತೆಯನ್ನು ಆಳೆಂದು ಯಾರೂ ಎಣಿಸುವುದಿಲ್ಲ. ಸುತಾರ್ಮಿ ಎಲ್ಲ ಯೋಚಿಸಿಕೊಂಡೇ ಬಂದಿದ್ದಳು. ರಂಜಾನಿನ ಉಪವಾಸದ ತಿಂಗಳು ಮುಗಿದ ಮೇಲೆ ಲೆಗಿಮಾನನ ತಂಗಿ ಯಾತ್ಮಿ ಊರಿನಿಂದ ಬರುತ್ತಾಳೆ. ಬಂದು ಇವಳ ಟ್ಯಾಂಕು ಹೊರುತ್ತಾಳೆ. ಅಲ್ಲಿಯವರೆಗೆ ಬಸಿರು ಮುಚ್ಚಿಟ್ಟರೆ ಮನೆಯೂ ಉಳಿಯುತ್ತದೆ, ಮಗುವೂ ಉಳಿಯುತ್ತದೆ.

“ಮುಚ್ಚಿಡೋದು ಹೆಂಗೇ? ಅವಳು ಬಟ್ಟೆ ಕೇಳ್ತಾಳೆ.”

“ಅದಕ್ಕೇ ಬಂದೆ.” ಸೊಪ್ಪನ್ನು ಮಡಿಲಿಗೆ ಹಾಕಿಕೊಂಡು ನೆಲ ನೋಡುತ್ತ ಕೇಳಿದಳು. “ಅಕ್ಕಾ, ನಿಂಗೆ ಬಂತಾ?”

ನನಗೆ ಯಾವಾಗಲೂ ಹೆಚ್ಚು ಹೋಗುತ್ತದೆ. ಬಡವಿಯ ಮನೆಯಲ್ಲಿ ಧಾರಾಳವಾಗಿ ಇದ್ದದ್ದು ಅದೊಂದೇ. ನಾನು ಉಟ್ಟು ಬಿಚ್ಚಿದ್ದನ್ನು ಅವಳು ಉಟ್ಟುಕೊಂಡಳು. ಪರದೆಯ ಹಿಂದೆ ಹೋಗಿ ತೆಗೆದು ಹಿಡಿದಳು. ವಿನಾರ್ಸಿ ಮೂಗು ಮುಚ್ಚಿಕೊಂಡು “ಹ್ಞೂಂ, ನಡಿ” ಎಂದಳು. ಹೊರಗೆ ಬಂದ ಸುತಾರ್ಮಿ ಬೇಲಿಯ ಹತ್ತಿರ ವಾಂತಿ ಮಾಡಿಕೊಂಡಳು. ನಗುತ್ತಲೇ ಬಾಯಿ ಒರೆಸಿಕೊಂಡಳು. ತಿಂಗಳು ತಿಂಗಳೂ ಹೀಗೆಯೇ ನಡೆಯಿತು. ತಿಂಗಳು ತಿಂಗಳೂ ನನ್ನ ಹಿತ್ತಲಿಗೆ ಬಂದು ಅದೇ ಮಾತು ಕೇಳುತ್ತಿದ್ದಳು.

ನಮ್ಮಲ್ಲಿ ಬಸಿರಿನ ನಾಲ್ಕನೇ ತಿಂಗಳಿಗೆ ಅನ್ನ ಹಂಚುತ್ತಾರೆ. ಅನ್ನ, ಮೊಟ್ಟೆ, ಬೇಯಿಸಿದ ಸೊಪ್ಪು, ಬಾಳೆಲೆಯಲ್ಲಿ ಕಟ್ಟಿ ಮನೆಮನೆಗೂ ಕೊಡಬೇಕು. ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ಕೊಡಲಿಲ್ಲ. ಅತ್ತೆ ಕಾರಿಯೆಮ್ ಬಾಗಿಲು ಹಾಕಿಕೊಂಡು ಒಂದೇ ಒಂದು ಪೊಟ್ಟಣ ಕಟ್ಟಿ ಸೊಸೆಗೇ ತಿನ್ನಿಸಿದಳು. “ಕದ್ದು ಮಾಡಿದ ಶಾಸ್ತ್ರ ದೇವ್ರಿಗೆ ಕಾಣ್ಸುತ್ತೋ ಇಲ್ವೋ” ಎಂದು ಗೊಣಗಿದಳಂತೆ.

ಒಂದು ಶಾಸ್ತ್ರ ಮಾತ್ರ ಸುತಾರ್ಮಿ ಬಿಡಲಿಲ್ಲ. ಬಸುರಾದ ಹೆಂಗಸು ರವಿಕೆಯ ಒಳಗಡೆ ಒಂದು ಪಿನ್ನು ಚುಚ್ಚಿಕೊಳ್ಳಬೇಕು. ಪಿನ್ನಿಗೆ ಒಂದು ಚೂರು ಬಜೆ, ಒಂದು ಚೂರು ಕಾಡುಶುಂಠಿ. ಕೆಟ್ಟ ಗಾಳಿ ಸೋಕಬಾರದೆಂದು. ಹೊರಗಿನವರಿಗೆ ಅದು ಬರೀ ಪಿನ್ನು. ನಮ್ಮ ಹೆಂಗಸರಿಗೆ ನೋಡಿದ ತಕ್ಷಣ ತಿಳಿಯುತ್ತದೆ. ಅವಳು ಅದನ್ನು ಎಡಗಡೆ ಹೊಲಿಗೆಯ ಒಳಕ್ಕೆ ಚುಚ್ಚಿಕೊಂಡು, ಮೇಲೆ ಗಂಡನ ಅಂಗಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಕೆಲಸಕ್ಕೆ ಬರುತ್ತಿದ್ದಳು.

ವಿಷದ ಟ್ಯಾಂಕು ತುಂಬಿದರೆ ಒಂದು ದೊಡ್ಡ ತಾಳೆಗೊನೆಯಷ್ಟು ಭಾರ. ಬೆನ್ನಿಗೆ ಹೊತ್ತು, ಒಂದು ಕೈಯಲ್ಲಿ ಹಿಡಿ ಅದುಮುತ್ತ, ಇನ್ನೊಂದು ಕೈಯಲ್ಲಿ ಕೊಳವೆ ಆಡಿಸುತ್ತ ಮರದಿಂದ ಮರಕ್ಕೆ ನಡೆಯಬೇಕು. ಮುಚ್ಚಳದ ಸಂದಿಯಿಂದ ಸೋರಿ ಸೊಂಟದ ಮೇಲೆ ಇಳಿಯುತ್ತದೆ. ಮೊದಲು ತಣ್ಣಗೆ, ಆಮೇಲೆ ಉರಿ. ಮೂಗಿಗೆ ಕಟ್ಟಿಕೊಂಡ ಬಟ್ಟೆ ಅರ್ಧ ಗಂಟೆಯಲ್ಲಿ ಒದ್ದೆ. ನಾವು ಸುತಾರ್ಮಿಯ ಟ್ಯಾಂಕಿಗೆ ಅರ್ಧ ಮಾತ್ರ ಹಾಕುತ್ತಿದ್ದೆವು. ಅವಳ ಪಾಲಿನ ಉಳಿದ ಸಾಲುಗಳನ್ನು ಗುಂಪಿನವರೆಲ್ಲ ಹಂಚಿಕೊಂಡು ಹೊಡೆದು ಮುಗಿಸುತ್ತಿದ್ದೆವು. ಯಾರೂ ಯಾರಿಗೂ ಹೇಳಿರಲಿಲ್ಲ. ಮುದುಕಿ ಪೊನಿರಾ ಕೂಡ ಎರಡು ಸಾಲು ಹೆಚ್ಚಿಗೆ ಹೊಡೆಯುತ್ತಿದ್ದಳು.

ಉಪವಾಸದ ತಿಂಗಳ ನಡುವೆ ಒಂದು ಬೆಳಿಗ್ಗೆ ಜುಮಾದಿ ಕೋಲು ಹಿಡಿದು ಬಂದ. ಟ್ಯಾಂಕು ಹೊತ್ತು ನಿಂತವರ ಹಿಂದೆ ನಡೆಯುತ್ತ ಒಂದೊಂದಕ್ಕೂ ಕೋಲಿನಿಂದ ತಟ್ಟಿದ. ತುಂಬಿದ ಟ್ಯಾಂಕು ಧಪ್ ಅನ್ನುತ್ತದೆ. ಸುತಾರ್ಮಿಯ ಟ್ಯಾಂಕು ಟೊಳ್ಳಾಗಿ ಟಣ್ ಎಂದಿತು.

“ಇದೇನೇ ಇದು, ಗೊಂಬೆ ಆಟಾನಾ?”

“ಬೆನ್ನು ನೋವು ಮೇಸ್ತ್ರಿ.”

“ಬೆನ್ನಿದ್ದೋರಿಗೆಲ್ಲ ನೋವಿರತ್ತೆ. ನಿಂದೇನು ಗಾಜಿನ ಬೆನ್ನಾ? ತುಂಬ್ಸು. ಇವತ್ತು ನಿನ್ನ ಸಾಲು ನೀನೇ ಹೊಡೀಬೇಕು. ನಾನಿಲ್ಲೇ ಇರ್ತೀನಿ.”

ಅವನು ಅಲ್ಲೇ ಇದ್ದ. ಹಳ್ಳದ ಬದಿಯ ಏರಿನಲ್ಲಿ ಅವಳು ತುಂಬಿದ ಟ್ಯಾಂಕು ಹೊತ್ತು ಹತ್ತಿದಳು, ಇಳಿದಳು, ಮತ್ತೆ ತುಂಬಿಸಿಕೊಂಡಳು. ನಾನು ಹತ್ತಿರ ಹೋದರೆ ಕೋಲು ಎತ್ತುತ್ತಿದ್ದ. ಬಿಸಿಲೇರುವ ಹೊತ್ತಿಗೆ ಅವಳು ಒಂದು ಮರಕ್ಕೆ ಒರಗಿ ನಿಂತುಬಿಟ್ಟಳು. ಅವಳ ಕಾಲ ಮೇಲೆ ಇಳಿಯುತ್ತಿದ್ದದ್ದು ವಿಷದ ನೀರಲ್ಲ.

“ಅಕ್ಕಾ,” ಎಂದಳು, “ಇದು ನಿಂದಲ್ಲ.”

ನಾನು ಅವಳ ಬೆನ್ನಿನ ಟ್ಯಾಂಕು ಕಿತ್ತು ಜುಮಾದಿಯ ಕಾಲ ಬುಡಕ್ಕೆ ಎಸೆದು ಅವಳನ್ನು ದವಾಖಾನೆಗೆ ನಡೆಸಿಕೊಂಡು ಹೋದೆ. ಬೆಂಚಿನ ಮೇಲೆ ಕೊಯ್ಲಿನ ಗಂಡಸರು ಕೂತಿದ್ದರು, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬಂದವರು. ವಿನಾರ್ಸಿ ಅವರೆದುರಿಗೇ ದನಿ ಎತ್ತಿದಳು.

“ಏನೇ ಸುತಾರ್ಮಿ, ಹೋದ ವಾರ ತಾನೆ ತೋರಿಸಿ ಹೋದೆ? ನಿಂಗೇನು ತಿಂಗಳಿಗೆರಡು ಹಬ್ಬಾನಾ?”

ಗಂಡಸರು ನಕ್ಕರು.

“ಹಬ್ಬ ಅಲ್ಲ ವಿನಾರ್ಸಿ,” ನಾನೆಂದೆ. “ಅವಳಿಗೆ ಐದು ತುಂಬಿದೆ. ಹೋದ ವಾರ ನೀನು ನೋಡಿದ್ದು ನನ್ನ ಬಟ್ಟೆ. ಎಲ್ಲಾ ತಿಂಗಳೂ ನಂದೇ. ಈಗ ಬರ್ತಿರೋದು ಅವಳದು. ನೋಡು, ಬೇಗ ನೋಡು.”

ನಗು ನಿಂತಿತು. ವಿನಾರ್ಸಿ ನಮ್ಮನ್ನು ಒಳಕ್ಕೆ ಎಳೆದುಕೊಂಡು ಪರದೆ ಬಿಟ್ಟಳು. ಸುತಾರ್ಮಿಯನ್ನು ಮಲಗಿಸಿ ಅಂಗಿ ಎತ್ತಿದಳು. ಅವಳ ಬೆರಳು ಹೊಟ್ಟೆಗೆ ಹೋಗುವ ದಾರಿಯಲ್ಲಿ ರವಿಕೆಯ ಹೊಲಿಗೆಗೆ ತಾಗಿತು, ಪಿನ್ನಿನ ಮೇಲೆ ನಿಂತಿತು. ಬಜೆಯ ಚೂರನ್ನು ಮುಟ್ಟಿತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಅಂಗಿಯನ್ನು ನಿಧಾನವಾಗಿ ಕೆಳಕ್ಕೆ ಎಳೆದು ಸರಿಮಾಡಿದಳು.

“ಹೊಟ್ಟೇಲಿ ಏನೂ ಇಲ್ಲ. ಮುಟ್ಟು ಜಾಸ್ತಿ ಆಗಿದೆ ಅಷ್ಟೇ. ಎರಡು ಮಾತ್ರೆ ಕೊಡ್ತೀನಿ, ಬಿಸಿನೀರು ಕುಡಿದು ಮಲಕ್ಕೋ.”

“ಕೈ ಇಟ್ಟು ನೋಡೇ! ದೊಡ್ಡಾಸ್ಪತ್ರೆಗೆ ಕಳಿಸೇ!”

“ನೀನು ಡಾಕ್ಟರಾ ವಾಗಿನಿ? ನಡಿ, ಹೊರಗೆ ಜನ ಕಾಯ್ತಿದಾರೆ.”

ಮಾತ್ರೆ ಕಾಗದದಲ್ಲಿ ಸುತ್ತಿ ನನ್ನ ಕೈಗೆ ತುರುಕಿದಳು. ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಮರುದಿನ ಬೆಳಗಿನ ಹಾಜರಿಯ ಹೊತ್ತಿಗೆ ಮಗು ಬಂತು. ಹೆಣ್ಣು. ನನ್ನ ಎರಡು ಅಂಗೈಯಲ್ಲಿ ಹಿಡಿಯಿತು. ಬೆರಳಿದ್ದವು, ಬೆರಳಿಗೆ ಉಗುರಿನ ಗುರುತಿತ್ತು. ಮುಚ್ಚಿದ ರೆಪ್ಪೆ. ಸದ್ದಿಲ್ಲ. ಕಾರಿಯೆಮ್ ಅಜ್ಜಿ ಗೋಡೆಗೆ ತಲೆ ಚಚ್ಚಿಕೊಂಡು, “ಅನ್ನ ಹಂಚಲಿಲ್ಲ, ಅನ್ನ ಹಂಚಲಿಲ್ಲ” ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಮಾಸು ಬೀಳಲೇ ಇಲ್ಲ. ರಕ್ತ ನಿಲ್ಲಲಿಲ್ಲ. ಚಾಪೆ ನೆನೆದು ನೆಲಕ್ಕೆ ಹರಿಯಿತು. ಸುತಾರ್ಮಿಯ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು, ಮೈ ಮುಟ್ಟಿದರೆ ಸುಡುತ್ತಿತ್ತು.

ನಾನು ದವಾಖಾನೆಗೆ ಓಡಿದೆ. ಬಿಳಿ ಆಂಬುಲೆನ್ಸ್ ಶೆಡ್ಡಿನಲ್ಲಿ ನಿಂತಿತ್ತು.

“ಅದು ಖಾಯಂನವರಿಗೆ,” ವಿನಾರ್ಸಿ ಬಾಗಿಲು ಹಿಡಿದು ನಿಂತೇ ಹೇಳಿದಳು. “ಮುಟ್ಟು ಅಂತ ಮೇಲಿನವರಿಗೆ ಹೇಳಿಯಾಗಿದೆ. ಮುಟ್ಟಿಗೆಲ್ಲ ಗಾಡಿ ಕಳಿಸಕ್ಕಾಗಲ್ಲ.”

“ಮುಟ್ಟಿಗೆ ಉಗುರಿರತ್ತೇನೇ?”

ಅವಳು ಬಾಗಿಲು ಹಾಕಿಕೊಂಡಳು.

ಲೈನಿನ ಮುಂದೆ ಗೊನೆ ತುಂಬಿದ ಲಾರಿ ಗಿರಣಿಗೆ ಹೊರಟು ನಿಂತಿತ್ತು. ಗಿರಣಿ ದಾಟಿದರೆ ಪೇಟೆ, ಪೇಟೆಯಲ್ಲಿ ಸರ್ಕಾರಿ ಆಸ್ಪತ್ರೆ. ಲೆಗಿಮಾನ್ ಹೆಂಡತಿಯನ್ನು ಲುಂಗಿಯಲ್ಲಿ ಸುತ್ತಿ ಎತ್ತಿಕೊಂಡು ಬಂದ. ಜುಮಾದಿ ಅಡ್ಡ ಬಂದ.

“ಜಾಗ ಎಲ್ಲಿದೆಯೋ? ತುಂಬಿ ತುಳುಕ್ತಿದೆ. ಹಣ್ಣು ಇವತ್ತೇ ಗಿರಣಿ ಸೇರ್ಬೇಕು, ಇಲ್ಲಾಂದ್ರೆ ಹುಳಿಯಾಗತ್ತೆ. ಮುಂದಿನ ಲಾರಿಗೆ ಬಾ.”

ಲೆಗಿಮಾನ್ ಮೆತ್ತನೆಯ ಮನುಷ್ಯ. ಹೆಂಡತಿಯನ್ನು ಎತ್ತಿಕೊಂಡೇ ನಿಂತ. ಅವನ ತೋಳಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನು ಬೇಡಿಕೊಳ್ಳಲು ಬಾಯಿ ತೆಗೆದದ್ದು ನನಗೆ ಕಾಣಿಸಿತು. ನನಗೆ ತಡೆಯಲಾಗಲಿಲ್ಲ. ಲಾರಿ ಹತ್ತಿದೆ. ಒಂದು ಗೊನೆಯ ಮುಳ್ಳಿಗೆ ಕೈ ಹಾಕಿ ಎತ್ತಿ ಜುಮಾದಿಯ ಕಡೆಗೇ ಬಿಸಾಡಿದೆ. ಅವನು ಹಾರಿ ಪಕ್ಕಕ್ಕೆ ಬಿದ್ದ. ಇನ್ನೊಂದು ಎಸೆದೆ. ಪೊನಿರಾ ಹತ್ತಿದಳು. ಗುಂಪಿನವರೆಲ್ಲ ಹತ್ತಿದರು. ನಮ್ಮ ಬೆನ್ನು ಮುರಿದು ಬೆಳೆಸಿದ ಹಣ್ಣು, ನಾವೇ ಕೆಸರಿಗೆ ಚೆಲ್ಲಿದೆವು. ಅಂಗೈ ಹರಿದು ಹೋಯಿತು.

“ಹಣ್ಣು ಹಾಳಾಗತ್ತೆ ಕಣ್ರೇ! ಕೂಲಿ ಮುರೀತೀನಿ! ಒಬ್ಬೊಬ್ಬಳನ್ನೂ ಓಡಿಸ್ತೀನಿ!”

“ಹಣ್ಣು ಸಂಜೆ ತನಕ ತಡಕೊಳತ್ತೆ,” ಪೊನಿರಾ ಮೇಲಿನಿಂದ ಕೂಗಿದಳು. “ನೀನು ಬಾಯಿ ಮುಚ್ಕೊಂಡಿರು.”

ಅರ್ಧ ಲಾರಿ ಖಾಲಿ ಮಾಡಿ ಅವಳನ್ನು ಮಲಗಿಸಿದೆವು. ನಾನೂ ಲೆಗಿಮಾನನೂ ಅವಳ ಪಕ್ಕ ಕೂತೆವು, ಚಾಲಕ ಗಾಡಿ ಬಿಟ್ಟ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ಹೆಸರನ್ನಲ್ಲ. “ಯಾವ ಬೇರಿನ ರಸ ಕುಡಿದೆ? ತೆಗಿಸ್ಕೊಳಕ್ಕೆ ಯಾರ ಹತ್ರ ಹೋಗಿದ್ದೆ?” ಪ್ರಜ್ಞೆ ತಪ್ಪುತ್ತಿದ್ದವಳ ಕೆನ್ನೆ ತಟ್ಟಿ ತಟ್ಟಿ ಕೇಳಿದರು. ಬಡವಿಯ ಬಸಿರು ಇಳಿದರೆ ಅವಳೇ ಇಳಿಸಿಕೊಂಡಿರಬೇಕು. ಉಳ್ಳವಳದಾದರೆ ದುರದೃಷ್ಟ. ನಾನು ಹಾಗೆ ಕೇಳುತ್ತಿದ್ದ ಎಳೆವಯಸ್ಸಿನ ಡಾಕ್ಟರಮ್ಮನ ಕೈ ಹಿಡಿದು ಸುತಾರ್ಮಿಯ ರವಿಕೆಯೊಳಗಿನ ಪಿನ್ನು ತೋರಿಸಿದೆ. “ಬೇಡವಾದ ಮಗೂಗೆ ಇದನ್ನ ಚುಚ್ಕೋತಾರೇನಮ್ಮಾ?” ಅವಳು ದೊಡ್ಡ ಡಾಕ್ಟರನ್ನು ಕರೆಯಲು ಓಡಿದಳು.

ಜೀವ ಉಳಿಯಿತು. ಗರ್ಭಕೋಶ ಉಳಿಯಲಿಲ್ಲ. ನಂಜೇರಿತ್ತು, ರಕ್ತ ನಿಲ್ಲಿಸಲು ಬೇರೆ ದಾರಿಯಿರಲಿಲ್ಲ, ತೆಗೆದುಬಿಟ್ಟರು. ಎಚ್ಚರವಾದ ಮೇಲೆ ಸುತಾರ್ಮಿ ಆ ಡಾಕ್ಟರಮ್ಮನನ್ನು ಕೇಳಿದಳು.

“ನಾನೇನು ತಪ್ಪು ಮಾಡ್ದೆ ಅಮ್ಮಾ?”

“ನಿನ್ನ ತಪ್ಪಲ್ಲ. ಎಷ್ಟೋ ಬಸಿರು ಯಾರೂ ಏನೂ ಮಾಡದೇನೇ ಹೋಗ್ತವೆ. ಅನಾನಸ್ಸಿಂದ ಹೋಗಲ್ಲ, ಶಾಸ್ತ್ರ ಬಿಟ್ಟಿದ್ದಕ್ಕೆ ಹೋಗಲ್ಲ. ಆದ್ರೆ ಬಸುರಿ ಆ ಭಾರ ಹೊರಬಾರದು, ಆ ವಿಷ ಮುಟ್ಟಬಾರದು. ಮಗು ಉಳೀತಿತ್ತೋ ಇಲ್ವೋ ನಾನು ಹೇಳಲಾರೆ. ರಕ್ತ ಕಂಡ ದಿನಾನೇ ಬಂದಿದ್ರೆ ಗರ್ಭಕೋಶ ಉಳೀತಿತ್ತು. ಅದನ್ನ ಹೇಳಬಲ್ಲೆ.”

“ಅವತ್ತೇ ದವಾಖಾನೆಗೆ ಹೋಗಿದ್ದೆ,” ಎಂದಳು ಸುತಾರ್ಮಿ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಇತ್ತ, ನಾನೂ ಲೆಗಿಮಾನನೂ ಲೈನಿಗೆ ಮರಳಿದ ಮೇಲೆ, ಮಗುವನ್ನು ಮಣ್ಣು ಮಾಡಬೇಕಿತ್ತು. ನಾಲ್ಕು ತಿಂಗಳು ತುಂಬಿದ ಕೂಸಿಗೆ ಜೀವ ಬಂದಿರುತ್ತದೆ ಎಂದು ನಮ್ಮ ನಂಬಿಕೆ. ತುಂಬಿದ್ದರೆ ಹೆಸರಿಡಬೇಕು, ನೀರು ಹಾಕಬೇಕು, ಬಿಳಿ ಬಟ್ಟೆ ಸುತ್ತಿ ಪ್ರಾರ್ಥನೆ ಹೇಳಬೇಕು. ತುಂಬದಿದ್ದರೆ ಹಾಗೇ ಹೂಳಬಹುದು. ಲೆಗಿಮಾನ್ ಪುಟ್ಟ ಗಂಟು ಹಿಡಿದು, ಸಾವಿನ ಶಾಸ್ತ್ರ ಮಾಡುವ ಮೊದಿನನ ಹತ್ತಿರ ಹೋದ. ಮೊದಿನನ ಸಂಬಳವೂ ಕಂಪನಿಯದೇ.

“ದವಾಖಾನೆಯವರು ಮುಟ್ಟು ಅಂದಿದಾರಪ್ಪ. ತಿಂಗಳು ತಿಂಗಳೂ ಸರಿಯಾಗಿ ಆಗಿದೆಯಂತೆ. ಮುಟ್ಟಿಗೆ ಯಾರಾದ್ರೂ ಪ್ರಾರ್ಥನೆ ಹೇಳ್ತಾರಾ?”

ಗಂಟು ಬಿಚ್ಚಿ ನೋಡು ಎಂದ ಲೆಗಿಮಾನ್. ಅವನು ನೋಡಲಿಲ್ಲ.

ನನ್ನ ರಕ್ತ ಆ ಕೂಸಿನ ಹೆಸರನ್ನೂ ತಿಂದಿತು. ಲೈನಿನಲ್ಲಿ ಕೆಲವರು, “ವಾಗಿನಿ ಬಟ್ಟೆ ಕೊಡದೇ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ” ಎಂದು ಪಿಸುಗುಟ್ಟಿದರು. ಆ ಮಾತು ನಾನು ಒಪ್ಪುವುದಿಲ್ಲ, ಇವತ್ತಿಗೂ. ನನ್ನ ಬಟ್ಟೆ ಆ ಮಗುವನ್ನು ಐದು ತಿಂಗಳು ಬದುಕಿಸಿತು. ಕೊಂದದ್ದು ಯಾರೆಂದು ತಿಳಿಯಬೇಕೆಂದರೆ ಬಟ್ಟೆ ತೋರಿಸು ಎಂದವರ ಮನೆಗೆ ಹೋಗಲಿ.

ನಾವು ಹೆಂಗಸರೇ ನೀರು ಹಾಕಿದೆವು. ನಾನು ಅಕ್ಕಿ ತೊಳೆಯುವ ಬೋಗುಣಿಯಲ್ಲಿ. ಪೊನಿರಾ ತನ್ನ ಕೊನೆಗಾಲಕ್ಕೆಂದು ಎತ್ತಿಟ್ಟಿದ್ದ ಬಿಳಿ ಬಟ್ಟೆಯಿಂದ ಒಂದು ಅಂಚು ಹರಿದು ಕೊಟ್ಟಳು. ಹೆಸರನ್ನು ಸುತಾರ್ಮಿ ಮೊದಲೇ ಆರಿಸಿಟ್ಟಿದ್ದಳು, ಲೆಸ್ತಾರಿ. ಬಾಳಿ ಉಳಿಯುವವಳು ಎಂದು ಅರ್ಥ. ಅನ್ನ ಹಂಚಲಿಲ್ಲ ಎಂದು ತಲೆ ಚಚ್ಚಿಕೊಂಡ ಕಾರಿಯೆಮ್ ಅಜ್ಜಿಯೇ ನನ್ನ ಹಿತ್ತಲ ಮರಗೆಣಸಿನ ಪಾತಿಯ ಪಕ್ಕ ತೋಡಿದ ಗುಂಡಿಯ ಬಳಿ ನಿಂತು, ಬರುವಷ್ಟು ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳಿದಳು. ಮರೆತಲ್ಲಿ ಮೊದಲಿನಿಂದ ಶುರು ಮಾಡಿದಳು.

ಕಂಪನಿ ಸುಮ್ಮನಿರಲಿಲ್ಲ. ಚೆಲ್ಲಿದ ಹಣ್ಣಿಗೆ ನಮ್ಮೆಲ್ಲರ ಕೂಲಿ ಮುರಿಯಿತು. ಸುತಾರ್ಮಿಯನ್ನು, ಬೇರೆಯವಳ ಬಟ್ಟೆ ತೋರಿಸಿದ ಮೋಸಗಾತಿ ಎಂದು ತೆಗೆದುಹಾಕಿತು. ಒಂದು ಹೊಸ ನಿಯಮ ತಂದಿತು. ಇನ್ನು ಮುಂದೆ ಪರದೆ ಇಲ್ಲ. ನರ್ಸಿನ ಕಣ್ಣೆದುರಿಗೇ ಬಿಚ್ಚಬೇಕು. ತಾಯಂದಿರ ರಕ್ಷಣೆಗಾಗಿ ಎಂದು ಜುಮಾದಿ ಹಾಜರಿಯಲ್ಲಿ ಓದಿ ಹೇಳಿದ.

ಹಬ್ಬ ಮುಗಿದ ಮೇಲೆ, ಮನೆ ಬಿಡಿಸುವ ಮೊದಲೇ, ಯಾತ್ಮಿ ಬಂದಳು. ಕೆಲವು ವಾರ ವಿಷ ಹೊಡೆದಳು. ಕಣ್ಣುರಿ, ಕೈಯೆಲ್ಲ ಬೊಬ್ಬೆ, ಅಳುತ್ತ ಊರಿಗೆ ವಾಪಸ್ಸು ಓಡಿದಳು. ಮನೆಗೆ ಮತ್ತೆ ಎರಡನೇ ಆಳು ಬೇಕಾಯಿತು. ಅಷ್ಟರಲ್ಲಿ ಮಳೆ ಹಿಡಿದು ಕಳೆ ಆಳೆತ್ತರ ಬೆಳೆದಿತ್ತು. ಜುಮಾದಿ ತಾನಾಗಿಯೇ ಸುತಾರ್ಮಿಯ ಬಾಗಿಲಿಗೆ ಬಂದ. ನಾನು ಅಲ್ಲೇ ಅವಳ ತಲೆ ಬಾಚುತ್ತ ಕೂತಿದ್ದೆ.

“ಆದದ್ದಾಯ್ತು. ಬಾ ಕೆಲಸಕ್ಕೆ. ಈಗ ನಿಂಗೆ ಆ ತಾಪತ್ರಯ ಇಲ್ವಲ್ಲ. ವಿಷ ಹೊಡಿಯಕ್ಕೆ ನಿನ್ನಂಥೋರೇ ಸರಿ.” ಹೊಗಳಿದವನ ಹಾಗೆ ಹಲ್ಲು ಬಿಟ್ಟ.

ಅವಳು ಹೋದಳು. ಮನೆ ಬೇಕಿತ್ತು. ಹೊಟ್ಟೆಯ ಹೊಲಿಗೆ ಇನ್ನೂ ಎಳೆಯುತ್ತಿತ್ತು, ತುಂಬಿದ ಟ್ಯಾಂಕೇ ಹೊತ್ತಳು. ದೊಡ್ಡ ಬಾಯಿಯವಳು ಈಗ ಮಾತಾಡುತ್ತಲೇ ಇರಲಿಲ್ಲ. ತಿಂಗಳು ತುಂಬುತ್ತಲೇ ಜುಮಾದಿ ಅವಳ ಎದುರು ನಿಂತ.

“ನೀನಿನ್ನೂ ತೋರಿಸಿಲ್ಲ.”

“ಏನ್ ತೋರಿಸ್ಲಿ ಮೇಸ್ತ್ರಿ? ನಿಮಗೆ ಗೊತ್ತಿಲ್ವಾ?”

“ನಂಗೊತ್ತು ಮಾರಾಯ್ತಿ. ಮೇಲಿನವರಿಗೆ ಯಾರು ಹೇಳ್ತಾರೆ? ಹೆಂಗಸು ಅಂದ್ಮೇಲೆ ತೋರಿಸ್ಬೇಕು, ನಿಯಮ. ವಿನಾರ್ಸಿಗೆ ಹೇಳಿದೀನಿ, ಜಾಸ್ತಿ ನೋಡಲ್ಲ. ಯಾರ ಹತ್ರನಾದ್ರೂ ಇಸ್ಕೊಂಡು ಉಟ್ಕೊಂಡು ಹೋಗು. ಮೊದ್ಲು ಮಾಡಿದ್ದೇ ತಾನೆ?”

ಅದನ್ನೇ ಮೋಸ ಎಂದು ಅವಳನ್ನು ಓಡಿಸಿದ ಬಾಯಿ ಅದು.

ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಸುತಾರ್ಮಿ ಬಂದು ಮರಗೆಣಸಿನ ಗಿಡದ ಪಕ್ಕ ನಿಂತಳು. ಈ ಸಲ ಸೊಪ್ಪು ಕೊಯ್ಯುವ ನಾಟಕ ಆಡಲಿಲ್ಲ. ಅವಳ ಕಾಲ ಹತ್ತಿರವೇ ಲೆಸ್ತಾರಿಯ ಗುಡ್ಡೆ.

“ಅಕ್ಕಾ, ಬಂತಾ?”

ಬಂದಿತ್ತು. ಒಗೆಯುತ್ತಿದ್ದದ್ದು ಅದನ್ನೇ. ಆ ಬಟ್ಟೆಯನ್ನು ಬಕೆಟ್ಟಿನೊಳಕ್ಕೆ ಒತ್ತಿ, ಕೆಂಪು ಹೋಗುವವರೆಗೂ ತಿಕ್ಕಿದೆ. ನೀರನ್ನು ಬೇಲಿಯಾಚೆ ಚೆಲ್ಲಿದೆ.

“ಇಲ್ಲ ಕಣೇ,” ಎಂದೆ. “ಇನ್ನು ನನ್ನ ರಕ್ತ ಎರವಲು ಕೊಡಲ್ಲ. ನಡಿ, ನಿಂದೇ ಇದೆಯಲ್ಲ, ಅದನ್ನೇ ತೋರಿಸು.”

ಅವಳು ದವಾಖಾನೆಯ ಕಡೆ ನಡೆದಳು, ನಾನೂ ಹೊರಟೆ.

ಹಿಂದಿನ ಕೋಣೆಯ ಮುಂದೆ ಹೆಂಗಸರ ಸಾಲು. ಜುಮಾದಿ ಮೆಟ್ಟಿಲ ಮೇಲೆ ಕೋಲು ಊರಿಕೊಂಡು ನಿಂತಿದ್ದ. ನಾವಿಬ್ಬರೂ ಒಳಗೆ ಹೋದೆವು. ವಿನಾರ್ಸಿ ಕಿಟಕಿ ಕಡೆ ನೋಡುತ್ತಲೇ “ತೆಗಿ” ಎಂದಳು.

ಸುತಾರ್ಮಿ ಅಂಗಿ ಎತ್ತಿದಳು. ಲುಂಗಿಯ ಗಂಟು ಸಡಿಲಿಸಿ ಕೆಳಕ್ಕೆ ಎಳೆದಳು. ಹೊಕ್ಕಳಿನಿಂದ ಕೆಳಗೆ ಕೆಂಪಗೆ ಉಬ್ಬಿದ ಗೀರು. ಟ್ಯಾಂಕಿನ ಸೊಂಟದ ಪಟ್ಟಿ ಉಜ್ಜಿದ ಕಡೆ ಕೀವು ಕಟ್ಟಿತ್ತು. ವಿನಾರ್ಸಿ ಒಂದು ಸಲ ನೋಡಿ ಮುಖ ತಿರುಗಿಸಿದಳು.

“ತಿರುಗ್ಬೇಡ. ಇಷ್ಟು ವರ್ಷ ನಮ್ದೆಲ್ಲ ನೋಡಿದೀಯ. ಇದನ್ನೂ ನೋಡು.”

“ಮುಚ್ಕೋ ಸುತಾರ್ಮಿ. ಆಯ್ತು, ನಡಿ.”

ಸುತಾರ್ಮಿ ರವಿಕೆಯ ಹೊಲಿಗೆಯೊಳಗೆ ಬೆರಳು ಹಾಕಿ ಪಿನ್ನು ಕಿತ್ತಳು. ಅವಳು ಅದನ್ನು ಇನ್ನೂ ಚುಚ್ಚಿಕೊಂಡಿದ್ದಳೆಂದು ನನಗೂ ಗೊತ್ತಿರಲಿಲ್ಲ. ಬಜೆಯ ಚೂರು ಒಣಗಿ ಕಡ್ಡಿಯಾಗಿತ್ತು. ಅದನ್ನು ಮೇಜಿನ ಮೇಲೆ ಹತ್ತಿಯ ಪಕ್ಕ ಇಟ್ಟಳು.

“ಅವತ್ತು ಇದರ ಮೇಲೆ ನಿನ್ನ ಬೆರಳಿತ್ತು.”

ವಿನಾರ್ಸಿ ಪಿನ್ನನ್ನೇ ನೋಡಿದಳು.

“ಬಸುರಿ ಅಂದಿದ್ರೆ, ಇಷ್ಟು ತಿಂಗಳು ಹೆಂಗೆ ಬಿಟ್ಟೆ ಅಂತ ನನ್ನ ಕೇಳ್ತಿದ್ರು ಕಣೇ. ನನ್ನ ಕೆಲಸ ಹೋಗ್ತಿತ್ತು. ನಂಗೂ ಮಕ್ಕಳಿದಾರೆ.”

“ನಂಗೂ ಇದ್ಲು,” ಎಂದಳು ಸುತಾರ್ಮಿ. “ಲೆಸ್ತಾರಿ ಅಂತ.”

ಹೊರಗಿನಿಂದ ಜುಮಾದಿ ಕೂಗಿದ. “ಎಷ್ಟು ಹೊತ್ತು? ಬಂತಾ? ತೋರಿಸಿದ್ಲಾ?”

ಸುತಾರ್ಮಿ ಅಂಗಿ ಇಳಿಸಲಿಲ್ಲ. ಹಾಗೇ ಬಾಗಿಲಿಗೆ ಬಂದಳು, ಬೆಳಕಿಗೆ, ಎಲ್ಲರ ಎದುರಿಗೆ.

“ತೋರಿಸ್ದೆ ಮೇಸ್ತ್ರಿ. ನೀವೂ ನೋಡಿ. ಮುಂದಿನ ತಿಂಗಳೂ ಇದೇ, ಅದರ ಮುಂದಿನ ತಿಂಗಳೂ ಇದೇ.”

“ಥೂ! ಮಾನ ಮರ್ಯಾದೆ ಇಲ್ವೇನೇ ನಿಂಗೆ?” ಅವನು ಕೈಯಿಂದ ಕಣ್ಣು ಮುಚ್ಚಿಕೊಂಡು ಹಿಂದೆ ಸರಿದ, ಮೆಟ್ಟಿಲು ತಪ್ಪಿ ಕೂತುಬಿಟ್ಟ.

ಆ ಕೋಣೆಯ ಬಾಗಿಲಲ್ಲಿ ಕೂತು ಅವನು ಮಾನದ ಮಾತಾಡಿದ. ಸಾಲಿನಲ್ಲಿ ಮುಂದಿದ್ದ ಹೆಂಗಸು ನಗಲೂ ಇಲ್ಲ, ಅಳಲೂ ಇಲ್ಲ. ಲುಂಗಿಯ ಗಂಟು ಬಿಗಿದುಕೊಂಡು ಹಿಂದಕ್ಕೆ ತಿರುಗಿ ಮನೆಗೆ ನಡೆದಳು. ಅವಳ ಹಿಂದಿನವಳೂ ನಡೆದಳು. ಸಾಲು ಕರಗಿತು. ತುಂಬಿದ ಟ್ಯಾಂಕುಗಳು ಶೆಡ್ಡಿನ ಮುಂದೆ ಹಾಗೇ ಉಳಿದವು.

ಗೆದ್ದೆವೆಂದು ನಾವು ತಿಳಿಯಲಿಲ್ಲ. ಹೊಟ್ಟೆ ಹಸಿದವರಿಗೆ ಈ ದೇಶದಲ್ಲಿ ಬರವಿಲ್ಲ. ಮರುದಿನ ಬೆಳಿಗ್ಗೆ ಬೇರೆ ಊರಿನ ಹೆಂಗಸರನ್ನು ತುಂಬಿಕೊಂಡು ಲಾರಿ ಬಂತು, ಎಳೆಯ ಹುಡುಗಿಯರೇ ಹೆಚ್ಚು. ಆ ಹೊತ್ತಿಗೆ ನಾವು ಗೇಟಿನಲ್ಲಿದ್ದೆವು. ಸುತಾರ್ಮಿ ಆ ಹಸಿರು ಬೋರ್ಡಿನ ಕೆಳಗೆ ನಿಂತಿದ್ದಳು. ಮೇಲೆ ನಗುವ ಬಸುರಿ, ಕೆಳಗೆ ಇವಳು.

ಲಾರಿಯ ಹಿಂಬಾಗಿಲು ತೆರೆಯಿತು. ಎರಡು ಜಡೆಯ ಹುಡುಗಿಯೊಬ್ಬಳು ಇಳಿಯಲು ಕಾಲು ಚಾಚಿ ಕೇಳಿದಳು. “ಅಕ್ಕಾ, ಇಲ್ಲಿ ಕೆಲಸ ಏನು?”

ಸುತಾರ್ಮಿ ಅಂಗಿ ಎತ್ತಿ ತೋರಿಸಿದಳು.

ಹುಡುಗಿ ಚಾಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.